ವ್ಯಾನಿನ ಹಿಂದೆ ನಿಂತವನು

ಸೋಫಾ ರಿಪೇರಿ ಮಾಡುವ ಆ ಮನುಷ್ಯನನ್ನು ಓಣಿಯವರೆಲ್ಲ 'ಆಯ್ತಾಯ್ತು' ಎಂದೇ ಕರೆಯುತ್ತಿದ್ದರು. ಯಾವ ಮಾತನ್ನೂ ಅವನು ಒಂದು ಸಲ ಹೇಳಿ ಬಿಟ್ಟವನಲ್ಲ. ಗಿರಾಕಿ ಬಂದರೆ 'ಬನ್ನಿ ಬನ್ನಿ', ಸ್ಪ್ರಿಂಗು ಸಡಿಲವಾಗಿದೆ ಎಂದರೆ 'ಹೌದ್ಹೌದು', ನಾಳೆ ಕೊಡುತ್ತೀಯಾ ಎಂದರೆ 'ಆಯ್ತಾಯ್ತು'. ಅಷ್ಟು ಹೇಳಿಯೂ ನಾಳೆ ಕೊಡುತ್ತಿರಲಿಲ್ಲ, ಆ ಮಾತು ಬೇರೆ.

ಅವನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. 'ಮುಷ್ಟಿ ಹಿಡೀರಿ' ಎಂದು ಒಂದೇ ಒಂದು ಸಲ ಹೇಳುತ್ತಾಳೆ; ಎಂಥ ಪುಕ್ಕಲನೂ ತೆಪ್ಪಗೆ ಹಿಡಿಯುತ್ತಾನೆ.

ಇವರದೊಂದು ನಾಯಿ. ಎಮ್ಮೆಕರುವಿನಷ್ಟು ಬೆಳೆದಿದ್ದರೂ ಹೆಸರು ಮಾತ್ರ ಗುಬ್ಬಿ. ಮರಿಯಾಗಿದ್ದಾಗ ಅದನ್ನು ಮನೆಗೆ ತಂದವನು ಅವನು, ಕಲಿಸಿದವನೂ ಅವನೇ. ಅಂಗಡಿಯ ತುಂಬ ಹೊಟ್ಟೆ ಬಿಚ್ಚಿಕೊಂಡು ಬಿದ್ದ ಸೋಫಾಗಳು, ಫೋಮಿನ ರಾಶಿ, ರೆಕ್ಸಿನ್ ಚೂರುಗಳು. ಅದರ ನಡುವೆ ಏನನ್ನೂ ಕಚ್ಚದೆ ಕೂರುವುದೆಂದರೆ ನಾಯಿಗೆ ತಪಸ್ಸೇ ಸರಿ. ಎರಡು ವರ್ಷ, ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ, ಅವನು ಅದಕ್ಕೆ ಒಂದೊಂದೇ ಕಲಿಸಿದ: ಕೂರು, ಮಲಗು, ಪಕ್ಕದಲ್ಲೇ ನಡಿ, ಬಾ. ಎಲ್ಲಕ್ಕಿಂತ ಹೆಚ್ಚು ತಾಳ್ಮೆಯಿಂದ ಕಲಿಸಿದ್ದು 'ಇರು'. ಇರು ಎಂದರೆ ಇರಬೇಕು. ಮೂಗಿನ ಮುಂದೆ ಮಾಂಸದ ತುಂಡು ಬಿದ್ದರೂ, ಸೋಫಾ ಸಿಗದ ಗಿರಾಕಿ ಕೂಗಾಡಿದರೂ ಅಲುಗಬಾರದು.

ಮೊದಲ ಸ್ಪರ್ಧೆಗೆ ಅವನೇ ಮೈದಾನಕ್ಕಿಳಿದ. ನಾಯಿಗಳ ಶಿಸ್ತಿನ ಸ್ಪರ್ಧೆಯಲ್ಲಿ ಅಪ್ಪಣೆಯನ್ನು ಒಂದೇ ಸಲ ಕೊಡಬೇಕು. ಎರಡನೇ ಸಲ ಬಾಯಿ ತೆರೆದರೆ ಅಂಕ ಹೋಯಿತೆಂದೇ ಲೆಕ್ಕ. ಅವನು 'ಕೂರು ಕೂರು' ಎಂದ. 'ಬಾ ಬಾ' ಎಂದ. ಗುಬ್ಬಿ ಮೊದಲ ಮಾತಿಗೇ ಕೂತಿತ್ತು, ಮೊದಲ ಮಾತಿಗೇ ಬಂದಿತ್ತು. ತೀರ್ಪುಗಾರರು ಅಂಕ ಕಳೆಯುತ್ತಲೇ ಹೋದರು. ನಾಯಿ ಒಂದೂ ತಪ್ಪು ಮಾಡದಿದ್ದರೂ ಇಬ್ಬರೂ ಕೊನೆಯ ಸ್ಥಾನಕ್ಕೆ ಬಂದರು.

ಮುಂದಿನ ಸಲ ಹೆಂಡತಿಯನ್ನು ಕಳಿಸಿದವನೂ ಅವನೇ. "ನೀನೇ ಹೋಗು ಹೋಗು," ಎಂದ. ಹೋದಳು, ಗೆದ್ದಳು. ಅಲ್ಲಿಂದ ಶುರುವಾಯಿತು ನೋಡಿ ಇವನ ಹೊಟ್ಟೆಯುರಿ.

ಅಂದಿನಿಂದ ಅವನೊಂದು ನಿಯಮ ಮಾಡಿಕೊಂಡ. ಅವಳು ಗುಬ್ಬಿಯೊಂದಿಗೆ ಮೈದಾನದಲ್ಲಿರುವಾಗ ತಾನು ಕಾಣಿಸಿಕೊಳ್ಳಬಾರದು. "ನನ್ನ ಕಂಡ್ರೆ ಅದು ಅಲ್ಲಿ ನಿಲ್ಲುತ್ತಾ? ನಿನ್ನ ಮಾತು ಬಿಟ್ಟು ಓಡಿ ಬಂದ್ಬಿಡುತ್ತೆ," ಎಂದು ಜಂಬದಿಂದ ಹೇಳಿ ತಮ್ಮ ವ್ಯಾನಿನ ಹಿಂದೆ ಹೋಗಿ ನಿಲ್ಲುತ್ತಿದ್ದ.

"ನಿಮ್ಮಿಷ್ಟ," ಎನ್ನುತ್ತಿದ್ದಳು ಅವಳು.

ಆರು ವರ್ಷ, ಹನ್ನೊಂದು ಗೆಲುವು. ಒಂದನ್ನೂ ಅವನು ಕಣ್ಣಾರೆ ಕಾಣಲಿಲ್ಲ. ಚಪ್ಪಾಳೆ ಕೇಳಿಸುತ್ತಿತ್ತು, ಯಾರಿಗೆಂದು ಗೊತ್ತಾಗುತ್ತಿತ್ತು, ಮೈಯೆಲ್ಲ ಉರಿಯುತ್ತಿತ್ತು. ಅವಳು ಕಪ್ಪುಗಳನ್ನು ಕಪಾಟಿನಲ್ಲಿ ಜೋಡಿಸಿದರೆ ಇವನು ಅವುಗಳ ಮುಂದೆ ಹೊಲಿಗೆ ಯಂತ್ರದ ಎಣ್ಣೆ ಡಬ್ಬ ತಂದಿಡುತ್ತಿದ್ದ. ಗುಬ್ಬಿ ಅವಳ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿದ ದಿನ ಊಟದಲ್ಲಿ ಉಪ್ಪಿಲ್ಲ ಎಂದು ಮುಖ ಊದಿಸಿಕೊಳ್ಳುತ್ತಿದ್ದ. ಆ ದಿನದ ಅಡುಗೆ ತನ್ನದೇ ಎಂಬುದೂ ಅವನಿಗೆ ಮರೆತುಹೋಗುತ್ತಿತ್ತು.

ಹನ್ನೆರಡನೆಯದು ದೊಡ್ಡ ಸ್ಪರ್ಧೆ. ಗೆದ್ದರೆ ಸ್ಪರ್ಧೆ ನಡೆಸುವ ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ನಾಯಿಯ ಹೆಸರು, ಪಕ್ಕದಲ್ಲಿ ಅದನ್ನು ಮೈದಾನದಲ್ಲಿ ನಡೆಸಿದವರ ಹೆಸರು. ಕಲಿಸಿದವರ ಹೆಸರಿಗೆ ಜಾಗವಿಲ್ಲವೇ ಎಂದು ಅವನು ಗುಟ್ಟಾಗಿ ಹೋಗಿ ವಿಚಾರಿಸಿಯೂ ಬಂದಿದ್ದ.

"ಒಂದೇ ಹೆಸರು ಸಾರ್," ಎಂದಿದ್ದ ಅಲ್ಲಿನ ಗುಮಾಸ್ತ. "ನಾಯಿ ಯಾರ ಮಾತು ಕೇಳುತ್ತೋ ಅವರದ್ದು."

ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ಮೂರು ದಿನ ಸುತ್ತಿಗೆ ಹಿಡಿದಾಗೆಲ್ಲ ಬೆರಳಿಗೇ ಹೊಡೆದುಕೊಂಡ.

ಅಂದಿನ ಕೊನೆಯ ಪರೀಕ್ಷೆ 'ಇರು'. ಏಳು ನಾಯಿಗಳನ್ನು ಸಾಲಾಗಿ ಕೂರಿಸಿ, ಕರೆತಂದವರೆಲ್ಲ ಬಟ್ಟೆಯ ಪರದೆಯ ಹಿಂದೆ ಮೂರು ನಿಮಿಷ ಮರೆಯಾಗಬೇಕು. ಎದ್ದ ನಾಯಿ ಸೋತಂತೆ. ಅಂಕದಲ್ಲಿ ಗುಬ್ಬಿಯೇ ಮುಂದಿದೆ ಎಂದು ಮೈಕಿನಲ್ಲಿ ಕೂಗಿದ್ದು ವ್ಯಾನಿನ ಹಿಂದಿದ್ದ ಅವನಿಗೆ ಕೇಳಿಸಿತು. ತಡೆಯಲಾರದೆ ಇಣುಕಿದ. ಹೆಂಡತಿ 'ಇರು' ಎಂದು, ತಿರುಗಿಯೂ ನೋಡದೆ, ಪರದೆಯ ಹಿಂದೆ ಹೋದಳು.

ಇಣುಕಿದವನು ಅಷ್ಟಕ್ಕೇ ಬಿಡಲಿಲ್ಲ. ಹೊರಗೆ ಬಂದ, ಮೈದಾನಕ್ಕೆ ಕಟ್ಟಿದ್ದ ಹಗ್ಗದ ತನಕ ನಡೆದ. ಗುಬ್ಬಿ ಎದ್ದು ಬಂದರೆ ಕಪ್ಪೂ ಹೋಯಿತು, ಹಲಗೆಯ ಮೇಲಿನ ಹೆಸರೂ ಹೋಯಿತು. ಹೋಗಲಿ. ನಾಯಿ ಯಾರದ್ದೆಂದು ಇಡೀ ಮೈದಾನಕ್ಕೆ ಗೊತ್ತಾಗಲಿ. ಮನೆಯಲ್ಲಿ ಕರೆಯುವಾಗ ಮಾಡುವಂತೆಯೇ ಮೆಲ್ಲಗೆ ತೊಡೆ ತಟ್ಟಿದ.

ಗುಬ್ಬಿ ಅವನನ್ನು ನೋಡಿತು. ಬಾಲ ಹುಲ್ಲಿನ ಮೇಲೆ ಒಮ್ಮೆ ಆಡಿತು. ಅವನು ಇನ್ನೊಮ್ಮೆ ತಟ್ಟಿದ. ನಾಯಿ ಕಣ್ಣನ್ನು ಪರದೆಯ ಕಡೆಗೆ ತಿರುಗಿಸಿ ಕೂತಲ್ಲೇ ಕೂತಿತು.

ಇರು ಎಂದರೆ ಇರಬೇಕೆಂದು ಕಲಿಸಿದವನು ತಾನೇ ಅಲ್ಲವೇ ಎಂದು, ಮತ್ತೆ ವ್ಯಾನಿನ ಹಿಂದೆ ಹೋಗಿ ನಿಂತು, ಸಮಾಧಾನ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಅದು ಕಾದದ್ದು ಅವಳಿಗೆ. ಚಪ್ಪಾಳೆ ಬಿದ್ದಾಗ ಅವನಿಗೆ ಅಳು ಬರುವಂತಾಯಿತು.

ಸ್ವಲ್ಪ ಹೊತ್ತಿಗೆ ಅವಳು ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು, ಗುಬ್ಬಿಯನ್ನು ಹಿಡಿದುಕೊಂಡು ಬಂದಳು.

"ನಾನು ಹೊರಗೆ ಬಂದು ಇದನ್ನ ಕರೆದೆ," ಎಂದ. "ಬೇಕಂತಲೇ ಕರೆದೆ. ಏಳ್ಲಿಲ್ಲ."

"ನನ್ನ ಸೋಲ್ಸೋಕಾ?"

"ಹೂಂ."

ಅವಳು ಕಪ್ಪನ್ನು ಸೀಟಿನ ಮೇಲಿಟ್ಟಳು. ಮುಖ ಬಿಗಿದಿತ್ತು. "ಅದು ಪ್ರತಿ ಸಲಾನೂ ನಿಮ್ಮನ್ನ ನೋಡುತ್ತೆ ರೀ. ವ್ಯಾನ್ ಅಡಿಯಿಂದ ನಿಮ್ಮ ಕಾಲು ಕಾಣುತ್ತೆ. ಅದಕ್ಕೂ ಕಾಣುತ್ತೆ, ನನಗೂ ಕಾಣುತ್ತೆ. ಒಂದ್ಸಲಾನೂ ಎದ್ದಿಲ್ಲ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ನಾನು ಗೆಲ್ಲೋದು ನಿಮಗೆ ನೋಡೋಕಾಗಲ್ಲ ಅಂತ ಸುಮ್ಮನಿದ್ದೆ. ಹೌದೋ ಅಲ್ವೋ?"

ಅವನು ನೆಲ ನೋಡಿದ. "ಹೌದು. ಹೊಟ್ಟೆಕಿಚ್ಚು ಕಣೇ."

"ಗೊತ್ತು," ಎಂದಳು. ಗುಬ್ಬಿಯನ್ನು ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿದಳು. "ಹನ್ನೆರಡು ಸಲ ಗೆದ್ದೆ. ಗೆದ್ದಾಗೆಲ್ಲ ಹಗ್ಗದ ಉದ್ದಕ್ಕೂ ಒಂದ್ಸಲ ನೋಡ್ತೀನಿ. ಚಪ್ಪಾಳೆ ಹೊಡೆಯೋರೆಲ್ಲ ಬೇರೆಯವರ ಮನೆಯೋರು."