ಉಡದಾರದ ಕೀಲಿಕೈ

ಪವಾಡ, ದೈವ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಅಕ್ಕ ಹುಲಗೂರಿನ ದರ್ಗಾಕ್ಕೆ ಹರಕೆ ತೀರಿಸಲು ಹೋದಾಗ ನಾನು ಹೊರಗೆ ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಈಗಲೂ ಇಂಥವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಹನ್ನೆರಡು ವರ್ಷಗಳ ಹಿಂದೆ ಮಂಗಳೂರಿನ ಒಂದು ಲಾಡ್ಜಿನಲ್ಲಿ ನಡೆದದ್ದನ್ನು ನಗುತ್ತ ಹೇಳಲು ನನ್ನಿಂದಾಗುವುದಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಬರೆಯುತ್ತೇನೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡ ತೀರಿದ ಮೇಲೆ ಅಕ್ಕಿಆಲೂರಿನ ನಮ್ಮ ಮನೆಯಲ್ಲೇ ಇದ್ದಳು. ಸಮುದ್ರ, ಹಳೆಯ ಬಂದರು ನೋಡಬೇಕೆಂಬುದು ಅವಳ ಬಹುದಿನದ ಆಸೆ. ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೊರಟಾಗ ಓಣಿಯವರು ಹೆದರಿಸಿಯೇ ಕಳಿಸಿದರು. “ಲಾಡ್ಜಿನವರ ಕೀಲಿ ನಂಬಬ್ಯಾಡ್ರಿ, ನಿಮ್ಮದ ಒಂದು ಒಯ್ರಿ,” ಎಂದರು. ನಾನು ಸಂತೆಯಲ್ಲಿ ಗಟ್ಟಿಯಾದ ಬೀಗ ಕೊಂಡೆ. ಒಂದು ಕೀಲಿಕೈ ಮನೆಯಲ್ಲಿಟ್ಟು ಇನ್ನೊಂದನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಂಡೆ. ಹೊರಗಿನ ಊಟ ಬೇಡವೆಂದು ಅಕ್ಕ ಮೂರು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದಳು.

ಲಾಡ್ಜಿಗೆ ಬಂದ ಮರುದಿನ ಮಧ್ಯಾಹ್ನ ಅವಳು ಲಿಂಗಪೂಜೆಗೆ ಅಣಿಯಾಗುತ್ತಿದ್ದಳು. ಪೂಜೆಯಾಗದೆ ಉಣ್ಣುವವಳಲ್ಲ. “ಬಸ್ಸಿನ ವ್ಯಾಳೆ ಕೇಳಿ ಬರ್ತೇನಿ,” ಎಂದೆ.

“ಉಂಡು ಹೋಗೋ. ಬಸ್ಸೇನು ನಿನ್ನ ಕಂಡು ಓಡಿ ಹೋಗತೈತೇನು?”

ನಿಜ ಹೇಳಬೇಕೆಂದರೆ, ಪಕ್ಕದ ಓಣಿಯ ಹೋಟೆಲಿನಿಂದ ಮುಂಜಾನೆಯಿಂದಲೇ ಹುರಿದ ಮೀನಿನ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವುದಿಲ್ಲ. ಹರೆಯದಲ್ಲಿ ಅಕ್ಕಿಯ ಲಾರಿಗಳ ಜೊತೆ ಕರಾವಳಿಗೆ ಬರುತ್ತಿದ್ದಾಗ ನಾನು ಆ ರುಚಿ ಕಲಿತಿದ್ದೆ. ಅಕ್ಕ ಹುಡುಕಿಕೊಂಡು ಕೆಳಗೆ ಬಂದಾಳೆಂಬ ಅಂಜಿಕೆಯಿಂದ ಸಪ್ಪಳವಾಗದಂತೆ ಹೊರಗಿನಿಂದ ಬೀಗ ಹಾಕಿದೆ. ಕಳ್ಳರ ಊರು, ಅವಳ ಕಾವಲಿಗೇ ಹಾಕಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವಸರದಲ್ಲಿ ತಿಂದು, ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದು ಬರುವಷ್ಟರಲ್ಲಿ ನಮ್ಮ ಕೋಣೆಯ ಕಿಟಕಿಯಿಂದ ಹೊಗೆ ಏಳುತ್ತಿತ್ತು. ಮೆಟ್ಟಿಲು ಹತ್ತಿದೆ. ಮ್ಯಾನೇಜರು ಬಕೆಟ್ ಹಿಡಿದು ಬಾಗಿಲ ಮುಂದೆ ನಿಂತಿದ್ದರು.

“ಕೀ ಎಲ್ಲಿ ಉಂಟು ಮಾರಾಯ್ರೆ? ಎಂಥ ಬೀಗ ಇದು, ಒಡೆಯಲಿಕ್ಕೇ ಆಗುವುದಿಲ್ಲ.”

ಉಡದಾರದ ಗಂಟು ನನ್ನ ಬೆರಳಿಗೆ ಬಿಚ್ಚಿಕೊಳ್ಳಲೇ ಇಲ್ಲ. ಕೊನೆಗೆ ದಾರವನ್ನೇ ಹರಿದೆ. ಬಾಗಿಲು ತೆರೆದಾಗ ಪರದೆ, ಗಾದಿ ಉರಿಯುತ್ತಿದ್ದವು. ಊದಿನಕಡ್ಡಿಯ ಕಿಡಿ ತಾಗಿತ್ತು. ಒಳಗೆ ಅಕ್ಕ ಇರಲಿಲ್ಲ. ಕಿಟಕಿಗೆ ಸರಳುಗಳಿದ್ದವು.

“ಅಕ್ಕಾ,” ಎಂದು ಕೂಗಿದೆ.

“ಇಲ್ಲೇ ಇದ್ದೇನಲ್ಲೋ.”

ಮಾಳಿಗೆಗೆ ಹೋಗುವ ಮೆಟ್ಟಿಲ ಮೇಲೆ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ಈಗ ನೀನ ಬಂದು ಕೀಲಿ ತಗದು, ನನ್ನ ಕೈ ಹಿಡದು ಇಲ್ಲೆ ಕುಂದರಿಸಿ ಹ್ವಾದಿ. ಮತ್ಯಾಕ ಹಿಂಗ ಒದರತಿ?” ಎಂದಳು.

ನಾನು ಹೂಂ ಎಂದುಬಿಟ್ಟೆ. ಬೀಗವನ್ನೂ ಚಿಲಕವನ್ನೂ ಆಮೇಲೆ ತಿರುಗಿಸಿ ನೋಡಿದೆ. ಚಿಲಕದ ಒಂದು ಮೊಳೆಯೂ ಸಡಿಲಾಗಿರಲಿಲ್ಲ. ಊರಿಗೆ ಬಂದಮೇಲೆ ತಮ್ಮನೇ ನನ್ನ ಜೀವ ಉಳಿಸಿದ ಎಂದು ಅಕ್ಕ ಕಂಡವರಿಗೆಲ್ಲ ಹೇಳಿದಳು. ಹನ್ನೊಂದು ವರ್ಷ ಆ ಹೊಗಳಿಕೆಯನ್ನು ತಲೆ ತಗ್ಗಿಸಿ ಕೇಳಿದೆ. ಜನ ಅದನ್ನು ವಿನಯ ಎಂದುಕೊಂಡರು.

ಕಳೆದ ವರ್ಷ ಅಕ್ಕ ಹಿರೇಕೆರೂರಿನ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಾಗ ಹೋಗಿ ಎಲ್ಲವನ್ನೂ ಹೇಳಿದೆ, ಮೀನನ್ನೂ, ಬೀಗವನ್ನೂ. ಅವಳು ನಕ್ಕಳು.

“ಮೀನಿಂದು ಅವತ್ತ ಗೊತ್ತಾಗಿತ್ತು. ಎಷ್ಟ ತೊಳಕೊಂಡ್ರೂ ನಿನ್ನ ಕೈ ನಾರತಿತ್ತು.”

“ಮತ್ತ ಯಾಕ ಬೈಲಿಲ್ಲ?”

“ಬಾಗಲಾ ತಗದು ನನ್ನ ಹಿಡದ ಕೈ ನಾರತಿರಲಿಲ್ಲಲ್ಲೋ. ಇದನ್ನ ಯಾರಿಗಿ ಹೇಳೂದು? ನಿನ್ನ ಹೆಸರ ಹೇಳಿದೆ.”

“ಅವನ ಮುಖ ನೋಡಿದ್ಯೇನು?”

“ನೋಡಿದೆ. ನಿಂದ ಇತ್ತು.”

ಹತ್ತು ದಿನಕ್ಕೆ ಅಕ್ಕ ತೀರಿಕೊಂಡಳು. ಆ ಬೀಗ ಇನ್ನೂ ಮನೆಯಲ್ಲಿದೆ. ಯಾವ ಬಾಗಿಲಿಗೂ ಮತ್ತೆ ಹಾಕಿಲ್ಲ. ಅದನ್ನು ಅಂದು ಯಾರು ತೆಗೆದರೋ ನನಗೆ ತಿಳಿಯದು. ಯಾರು ಹಾಕಿದ್ದರು ಎಂಬುದಷ್ಟೇ ಗೊತ್ತು.