ಐವತ್ತೋ, ಐವತ್ತೆಂಟೋ

ಕೊಟ್ಟೂರಿನ ನನ್ನ ಗ್ಯಾರೇಜಿಗೆ ಗುಜರಿ ಸಾಮಾನಿನ ಜೊತೆ ಒಂದು ಹಳೆಯ ರೀಲ್ ಕ್ಯಾಮೆರಾ ಬಂತು. ಲೆನ್ಸ್ ಇರಲಿಲ್ಲ, ಬರೀ ಬಾಡಿ. ಶಟರ್ ಹಿಡಿದುಕೊಂಡಿತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಜಾಮ್ ಆದದ್ದನ್ನು ಬಿಡಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಮಧ್ಯಾಹ್ನ ಕೂತು ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ಬಟನ್ ಒತ್ತಿದರೆ ಟಕ್ ಅಂದಿತು. ಆ ವಾರ ಗ್ಯಾರೇಜಿಗೆ ಬಂದವರೆಲ್ಲ ಆ ಟಕ್ ಕೇಳಿಯೇ ಹೋಗಬೇಕಾಯಿತು.

ಅದಕ್ಕೊಂದು ಲೆನ್ಸ್ ಬೇಕು ಅನಿಸಿದ್ದು ನನ್ನ ಹೆಂಡತಿಗಾಗಿ. ಅವಳು ಹೊಳಲು ಊರಿನ ಆಸ್ಪತ್ರೆಯಲ್ಲಿ ನರ್ಸ್. ಸೋಮವಾರ ಮೊದಲ ಬಸ್ಸಿಗೆ ಹೋದರೆ ಬರುವುದು ಶನಿವಾರ ಸಂಜೆಗೆ. ನಡುವಿನ ದಿನ ಬೀಗ ತೆಗೆದು ಒಳಗೆ ಹೋದರೆ ಮನೆಯಲ್ಲಿ ನನ್ನ ಚಪ್ಪಲಿ ಸದ್ದೊಂದೇ. ನೌಕರಿ ಬಿಟ್ಟು ಬಾ ಎಂದು ನಾನು ಒಂದು ದಿನವೂ ಅಂದಿಲ್ಲ; ಗ್ಯಾರೇಜು ಮುಚ್ಚಿ ಬನ್ನಿ ಎಂದು ಅವಳೂ ಅಂದಿಲ್ಲ. ಇಬ್ಬರಿಗೂ ನಮ್ಮ ನಮ್ಮ ದುಡಿಮೆಯ ಹೆಮ್ಮೆ. ಫೋನಿನಲ್ಲಿ ಅವಳ ಫೋಟೋಗಳಿವೆ, ಆದರೆ ಹತ್ತಿರ ಹಿಡಿದು ತೆಗೆದರೆ ಮೂಗು ಮುಂದೆ ಬರುತ್ತದೆ, ಕಿವಿಗಳು ಹಿಂದೆ ಓಡುತ್ತವೆ.

"ಮೂಗಷ್ಟ ಬಂದೈತಿ ನೋಡ್ರಿ, ಉಳದಾಕಿ ಎಲ್ಲದಾಳ?" ಎಂದು ಅವಳೇ ನಗುತ್ತಾಳೆ.

ಬುಧವಾರ, ಗುರುವಾರ ಕೂತು ನೋಡಲು ನನಗೆ ಅವಳು ಬೇಕಿತ್ತು, ನನ್ನ ಕಣ್ಣಿಗೆ ಹೇಗೆ ಕಾಣುತ್ತಾಳೋ ಹಾಗೆ.

ಹಗರಿಬೊಮ್ಮನಹಳ್ಳಿಯಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಅಜ್ಜನೊಬ್ಬನ ಬಳಿ ಹಳೆಯ ಲೆನ್ಸ್‌ಗಳಿವೆ ಎಂದು ಕೇಳಿ ಹೋದೆ. ಎರಡನ್ನು ಬಟ್ಟೆಯ ಮೇಲೆ ಇಟ್ಟ. ಒಂದರ ಮೇಲೆ ಐವತ್ತು ಎಂ.ಎಂ. ಅಂತ ಇತ್ತು, ಇನ್ನೊಂದರ ಮೇಲೆ ಐವತ್ತೆಂಟು. ಎರಡೂ ನನ್ನ ಕ್ಯಾಮೆರಾದ ಬಾಯಿಗೆ ಬೋಲ್ಟಿನ ಹಾಗೆ ತಿರುಗಿ ಕೂತವು. ಐವತ್ತರದ್ದು ದೊಡ್ಡ ಗಾಜು, ಹೊರಳಿಸಿದರೆ ನೀಲಿ ಹೊಳಪು. ಐವತ್ತೆಂಟರದ್ದು ಬಣ್ಣ ಕಿತ್ತು, ಅಂಚಿಗೆ ಪೆಟ್ಟು ತಿಂದಿತ್ತು.

"ಈ ದೊಡ್ಡದು ಕೊಡ್ರಿ. ಗಾಜು ದೊಡ್ಡದಿದ್ದಷ್ಟೂ ಚಲೋ, ನನಗ ಗೊತ್ತೈತಿ."

"ಗೊತ್ತಿದ್ರ ಇಲ್ಲೀತನಕ ಯಾಕ ಬಂದಿ? ದೊಡ್ಡದೈತಂತ ಲಾರಿ ಟೈರು ಸೈಕಲ್ಲಿಗೆ ಹಾಕ್ತೀಯೇನು ಮೇಸ್ತ್ರಿ?" ಅಜ್ಜ ನಕ್ಕ. "ಯಾರ ಫೋಟೋ ತೆಗಿಯಾಂವ?"

"ನಮ್ಮ ಮನಿಯಾಕಿದು."

"ಆಕಿನ್ನ ಎಷ್ಟು ದೂರದಿಂದ ನೋಡ್ತಿ?"

ಇಷ್ಟು ಅಡಿ ಎನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. "ವಾರದಾಗ ಐದು ದಿನ ಎರಡು ಬಸ್ಸಿನಷ್ಟು ದೂರ್ರಿ. ಹೊಳಲಿನ್ಯಾಗ ಇರ್ತಾಳ."

"ಅಷ್ಟು ದೂರದ ಲೆನ್ಸು ನನ್ನ ಹತ್ರ ಇಲ್ಲಪಾ," ಎಂದ. ಆದರೆ ಈ ಸಲ ನಗಲಿಲ್ಲ. ನನ್ನ ತೋಳು ಹಿಡಿದು ಬಾಗಿಲಿಗೆ ಕರೆದುಕೊಂಡು ಹೋದ. "ಒಂದು ಕಣ್ಣು ಕ್ಯಾಮೆರಾಕ್ಕ ಹಚ್ಚು. ಇನ್ನೊಂದು ಮುಚ್ಚಬ್ಯಾಡ."

ಎದುರಿಗೆ ಹೂವು ಕಟ್ಟುವವಳೊಬ್ಬಳು ಕೂತಿದ್ದಳು. ಐವತ್ತರಲ್ಲಿ ನೋಡಿದರೆ ಇಬ್ಬರಾದಳು: ಹೊರಗಿನವಳು ತುಸು ದೊಡ್ಡವಳು, ಗಾಜಿನೊಳಗಿನವಳು ತುಸು ಸಣ್ಣವಳು. ಐವತ್ತೆಂಟು ಹಾಕಿ ಮತ್ತೆ ಎತ್ತಿದೆ. ಎರಡೂ ಒಂದೇ ಅಳತೆ. ಒಬ್ಬರೊಳಗೊಬ್ಬರು ಸೇರಿ ಒಬ್ಬಳೇ ಉಳಿದಳು. ಮುಖದ ಮುಂದೆ ಕ್ಯಾಮೆರಾ ಇದೆ ಅನ್ನುವುದೇ ಮರೆತುಹೋಯಿತು.

"ಇಳಸೋ ಇನ್ನ! ಹೂವಿನಾಕಿ ಬಂದು ಬೈದ್ರ ನಾ ಬಿಡಿಸಂಗಿಲ್ಲ."

ಐವತ್ತೆಂಟನ್ನೇ ಕೊಂಡೆ. ನಿಜ ಹೇಳಬೇಕೆಂದರೆ ಆ ದೊಡ್ಡ ಗಾಜು ಬಸ್ಸಿನಲ್ಲೂ ನನ್ನನ್ನು ಕಾಡಿತು.

ಬೆಂಗಳೂರಿನಿಂದ ರೀಲು ತರಿಸಿ ಹಾಕಿದೆ. ಭಾನುವಾರ ಅವಳು ತಲೆ ಸ್ನಾನ ಮಾಡಿ, ಕೂದಲು ಬಿಚ್ಚಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಕ್ಯಾಮೆರಾ ಎತ್ತಿ ಹಿಡಿದವನು ಒತ್ತಲೇ ಇಲ್ಲ. ಒತ್ತಿದರೆ ಅವಳು ಏಳುತ್ತಾಳೆ, ಎದ್ದರೆ ಮಧ್ಯಾಹ್ನವಾಗುತ್ತದೆ, ಆಮೇಲೆ ಸೋಮವಾರ.

"ರೀ, ತಲಿ ಒಣಗೇ ಹೋತು. ಒತ್ತತೀರೋ ಇಲ್ಲೋ?"

ಒತ್ತಿದೆ. ಮತ್ತೆ ಒತ್ತಿದೆ. ಹತ್ತು ಹನ್ನೆರಡಾದ ಮೇಲೆ ಅವಳು ಎದ್ದು ಬಂದು ಕೈಯಿಂದ ಕ್ಯಾಮೆರಾ ಕಿತ್ತುಕೊಂಡಳು.

"ನಿಮಗಷ್ಟ ಬೇಕೇನು? ನಾ ಅಲ್ಲೆ ಯಾರ ಮುಖಾ ನೋಡ್ಕೋಂತ ಕುಂದರ್ಲಿ?"

ಅವಳಿಗೆ ಅಲ್ಲಿ ಜನ, ಕೆಲಸ, ಹಗಲು ಹೇಗೋ ಕಳೆಯುತ್ತದೆ, ಖಾಲಿ ಮನೆ ನನ್ನದೊಂದೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಒಂದು ಸಲವಾದರೂ ಕೇಳಬಹುದಿತ್ತು.

ಒಳಗೆ ಹೋಗಿ ಮುಖ ತೊಳೆದು, ಮದುವೆ ಮುಂಜಿಗೆಂದು ಇಟ್ಟಿದ್ದ ಬಿಳಿ ಅಂಗಿ ತೊಟ್ಟು, ಎದೆ ಸೆಟೆಸಿ ಬಂದು ಕೂತೆ. ಅವಳು ಕ್ಯಾಮೆರಾ ಕಣ್ಣಿಗೆ ಹಚ್ಚಿ, ಹಾಗೇ ಕೆಳಗಿಳಿಸಿದಳು.

"ಅಯ್ಯ, ಕನ್ಯಾ ನೋಡಾಕ ಬಂದ ಬೀಗರಂಗ ಕುಂತೀರಲ್ಲ! ಅಲ್ಲೆ ನನಗ ನೆನಪಾಗೋರು ಇವ್ರಲ್ಲ. ಗ್ಯಾರೇಜ್ ಅಂಗಿ ಹಾಕ್ಕೊಂಡು ಬರ್ರಿ."

"ಅದನ್ನ ಒಗಿಯಾಕ ಹಾಕೀನಿ."

"ಇನ್ನೂ ಒಗದಿಲ್ಲಲ್ಲ? ಹೋಗ್ರಿ."

ಬಚ್ಚಲ ಮೂಲೆಯಲ್ಲಿ ಬಿದ್ದಿದ್ದ ಅಂಗಿಯನ್ನು ಎತ್ತಿ ಜಾಡಿಸಿದೆ. ಎದೆಯ ತನಕ ಎಣ್ಣೆ ಕಲೆ. ಆ ಅಂಗಿಯಲ್ಲಿ ನಾನು ಯಾರ ಕ್ಯಾಮೆರಾದ ಮುಂದೂ ನಿಂತವನಲ್ಲ. ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದೆ.