ದೊಡ್ಡವ್ವನ ಮಲ್ಲಿಗೆಗೆ ನಾನು ಹಾಕಿದ ನೀರು

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಕತ್ತರಿ, ಚಾಕು ಯಾವುದನ್ನೂ ಅವರು ಗಿಡಕ್ಕೆ ಮುಟ್ಟಿಸಿದವರಲ್ಲ. ಕುಡಿ ಚಿವುಟುವುದು, ಹಣ್ಣೆಲೆ ತೆಗೆಯುವುದು, ಎಲ್ಲಕ್ಕೂ ಆ ಉಗುರೇ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಬಣ್ಣ ಬಿಡುತ್ತಿರಲಿಲ್ಲ. "ಇರಲಿ ಬಿಡವಾ, ಮೆಹಂದಿ ಹಚ್ಚೋರು ಕೆಂಪ ಮಾಡ್ಕೊಂತಾರ, ನಂದು ಹಸಿರು" ಎಂದು ನಗುತ್ತಿದ್ದರು.

ಅವರು ನನಗೆ ಬಳಗವೇನಲ್ಲ. ಮದುವೆಯಾಗಿ ಸಿರುಗುಪ್ಪದಿಂದ ಬಳ್ಳಾರಿ ಕಂಟೋನ್ಮೆಂಟಿಗೆ ಬಂದಾಗ ನಮಗೆ ಸಿಕ್ಕ ಬಾಡಿಗೆ ಮನೆಯ ಪಕ್ಕದವರು. ಎರಡೂ ಮನೆಗೆ ಒಂದೇ ಕಾಂಪೌಂಡು, ಒಂದೇ ನಲ್ಲಿ. ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲಿದ ಮೊದಲ ದಿನವೇ ಬೈಸಿಕೊಂಡೆ. "ಲೇ ಸಿರುಗುಪ್ಪದಾಕಿ, ಇದು ನಿಮ್ಮೂರ ಕಾಲುವಿ ಅಲ್ಲ, ನಲ್ಲಿ. ವಾರಕ್ಕೊಮ್ಮಿ ಬರತೈತಿ, ಅದೂ ಮನಸ್ಸು ಬಂದ್ರ. ಆ ನೀರು ಕರಿಬೇವಿಗೆ ಹಾಕು!" ಬೈದ ಅರ್ಧ ಗಂಟೆಗೆ ಬಟ್ಟಲು ತುಂಬ ಶೇಂಗಾ ಚಟ್ನಿ ತಂದುಕೊಟ್ಟರು. ಅವರ ಸಿಟ್ಟಿನ ಆಯುಷ್ಯ ಅಷ್ಟೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಹಾಗೆ ಮಾಡಿದೆನಲ್ಲ, ನನಗೆ ಏನೆನ್ನಬೇಕು!

ಕಾಂಪೌಂಡಿನ ಗೋಡೆಗುಂಟ ಅವರು ಹಚ್ಚಿದ ಎಂಟು ದುಂಡುಮಲ್ಲಿಗೆ ಗಿಡಗಳಿದ್ದವು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಅನ್ನುತ್ತಾರೆ. ಬಳ್ಳಾರಿಯಲ್ಲಿ ಅಷ್ಟರೊಳಗೆ ಬೇಸಿಗೆಯೇ ಬಂದು ಕೂತಿರುತ್ತದೆ. ಶಿವರಾತ್ರಿಗೆ ಹದಿನೈದು ದಿನ ಮುಂಚಿನಿಂದಲೇ ದೊಡ್ಡವ್ವ ಮಲ್ಲಿಗೆಗೆ ನೀರು ನಿಲ್ಲಿಸುತ್ತಿದ್ದರು. ಹಬ್ಬದ ಮರುದಿನ ಕುಕ್ಕರುಗಾಲಲ್ಲಿ ಕೂತು ಎಂಟೂ ಗಿಡದ ಎಲೆಗಳನ್ನು ಒಂದೂ ಉಳಿಯದಂತೆ ಸವರುತ್ತಿದ್ದರು. ಆಮೇಲೂ ಒಂದು ವಾರ ಹನಿ ನೀರಿಲ್ಲ. ನೋಡಿದರೆ ಬರೀ ಕಡ್ಡಿ. ಆ ವಾರ ದಾಟಿಸಿ, ಗೊಬ್ಬರ ಕೊಟ್ಟು ಬುಡ ತುಂಬ ನೀರು ಬಿಟ್ಟರೆ ಯುಗಾದಿಗೆ ಗಿಡದ ತುಂಬ ಮೊಗ್ಗು. "ಹಸಿದ್ರ ಹೂ ಬಿಡತೈತಿ, ಹೊಟ್ಟಿ ತುಂಬಿದ್ರ ಬರೇ ಎಲಿ ಬಿಡತೈತಿ" ಎಂಬುದು ಅವರ ಶಾಸ್ತ್ರ. ಬೇಸಿಗೆ ಮುಗಿಯುವವರೆಗೂ ಸಂಜೆ ಓಣಿಯ ಮನೆಮನೆಗೆ ಒಂದೊಂದು ಮೊಳ ಹೂ ಹೋಗುತ್ತಿತ್ತು. ಯಾರು ಹೊಸ ಸಸಿ ತಂದರೂ, "ದೊಡ್ಡವ್ವಾ, ನಿಮ್ಮ ಕೈಲೆ ಒಂದೀಟು ಹಚ್ಚಿಕೊಡ್ರಿ" ಎಂದು ಕರೆಯುತ್ತಿದ್ದರು. ಅವರ ಕೈಗುಣದ ಮೇಲೆ ಓಣಿಗೆ ಅಷ್ಟು ನಂಬಿಕೆ.

ನಾನು ಬಂದ ಮೂರನೇ ವರ್ಷ, ಕಾರ್ತಿಕದಲ್ಲಿ, ಅವರ ಯಜಮಾನರು ತೀರಿಕೊಂಡರು. ಸತ್ತವರ ತಂಗಿ, ಎಂದರೆ ದೊಡ್ಡವ್ವನ ನಾದಿನಿ, ಹಿಂದಿನ ಓಣಿಯಲ್ಲೇ ಇದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರು ಕಾಂಪೌಂಡಿನಲ್ಲಿ ನಿಂತು ನಾಲ್ಕು ಜನರ ಎದುರಿಗೇ ಅಂದುಬಿಟ್ಟರು: "ಅತ್ತಿಗಿ, ಇನ್ನ ಮ್ಯಾಲ ಹೂವಿನ ಗಿಡ ನೀ ಮುಟ್ಟಬ್ಯಾಡ. ಯಾರರ ಮುತ್ತೈದಿ ಕೈಲೆ ಮಾಡಸು."

ದೊಡ್ಡವ್ವ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. "ಗಂಡ ಹೋದದ್ದು ನನಗ. ಗಿಡಕ್ಕೇನು ಗೊತ್ತೈತಿ? ಅದಕ್ಕ ಬಿಸಲು ಗೊತ್ತು, ನೀರು ಗೊತ್ತು. ಯುಗಾದಿ ಬರಲಿ, ನೋಡೀರಂತ" ಎಂದರು.

ಓಣಿ ಯುಗಾದಿಗೆ ಕಾಯಿತು. ಕೆಲವರು ಒಳ್ಳೆಯದಾಗಲಿ ಎಂದು, ಕೆಲವರು ತಮಾಷೆ ನೋಡಲು. ನಾನಂತೂ ದೊಡ್ಡವ್ವನ ಕಡೆಯವಳೆಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ವರ್ಷ ಎಲೆ ಸವರಿದ ಮರುದಿನವೇ ಕುರುಗೋಡಿನಿಂದ ಅವರ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದುಕೊಂಡು ಹೊರಟರು. ಬಾಗಿಲಿಗೆ ಬೀಗ ಹಾಕುತ್ತ ದೊಡ್ಡವ್ವ ನನ್ನನ್ನು ಕರೆದರು. "ಆರು ದಿನಕ್ಕ ಬರತೀನಿ. ಗಿಡಕ್ಕ ನೀರು ಹಾಕಬ್ಯಾಡ. ಕಣ್ಣಿಗೆ ಸತ್ತಂಗ ಕಂಡ್ರೂ ಹಾಕಬ್ಯಾಡ. ಅವು ಸಾಯಂಗಿಲ್ಲ. ನಿನ್ನ ನಂಬಿ ಬಿಟ್ಟು ಹೊಂಟೀನಿ, ತಿಳೀತಿಲ್ಲೋ?"

"ತಿಳೀತ್ರಿ" ಅಂದೆ.

ಮೂರು ದಿನ ತಡೆದೆ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರಿನಲ್ಲಿ ಹುಟ್ಟಿದವಳು ನಾನು. ನಮ್ಮಲ್ಲಿ ಗಿಡ ಬಾಡಿದರೆ ಕೇಳುವುದಿಲ್ಲ, ಮಾತಾಡುವುದಿಲ್ಲ, ನೀರು ಹಾಕುತ್ತೇವೆ. ನಾಲ್ಕನೇ ದಿನ ಆ ಎಂಟು ಗಿಡಗಳು ಒಲೆಗೆ ಇಡಬಹುದಾದ ಕಟ್ಟಿಗೆಯಂತೆ ಕಂಡವು. ಅಯ್ಯೋ, ಇವು ಸತ್ತರೆ ನಾದಿನಿಯ ಮಾತೇ ಗೆದ್ದಂತಾಗುತ್ತದಲ್ಲ ಎಂದು ಹೆದರಿದೆ. ಅವತ್ತೇ ನಲ್ಲಿ ಬರಬೇಕೇ! ಒಂದೊಂದು ಗಿಡಕ್ಕೆ ಎರಡೆರಡು ಕೊಡ ಸುರಿದೆ. ಮರುದಿನ ಬೆಳಿಗ್ಗೆ, ತುಂಬಿಟ್ಟ ನೀರಿನಿಂದ, ಇನ್ನೊಂದು ಸುತ್ತು. ಮಣ್ಣು ಗಟಗಟ ಕುಡಿಯಿತು, ನನ್ನ ಹೊಟ್ಟೆ ತಣ್ಣಗಾಯಿತು. ದೊಡ್ಡವ್ವನಿಗೆ ಎಂಥ ಉಪಕಾರ ಮಾಡಿದೆ ಎಂದುಕೊಂಡೆ.

ಅವರು ಬರುವ ಹೊತ್ತಿಗೆ ಮೇಲಿನ ಮಣ್ಣು ಒಣಗಿತ್ತು. ಆದರೆ ಗೆಣ್ಣುಗೆಣ್ಣಿಗೂ ಸೂಜಿಮೊನೆಯಷ್ಟು ಎಲೆಯ ಮೊಳಕೆ ಎದ್ದಿತ್ತು. ಚೀಲವನ್ನು ಇನ್ನೂ ಕೆಳಗಿಡದೆ ದೊಡ್ಡವ್ವ ಗಿಡದ ಮುಂದೆ ಕೂತರು. "ಇಷ್ಟು ಲಗೂ ಯಾಕ ಚಿಗಿತಾವಿವು? ನೀರೇನಾರ ಬಿತ್ತೇನ?"

"ಇಲ್ರಿ ದೊಡ್ಡವ್ವ" ಎಂದುಬಿಟ್ಟೆ.

ಬೈಗುಳಕ್ಕೆ ಹೆದರಿ ಅಲ್ಲ. "ನಿನ್ನ ನಂಬಿ" ಎಂದಿದ್ದರಲ್ಲ, ಆ ಮಾತು ಅಡ್ಡ ಬಂತು. ಅವರು ಇನ್ನೊಮ್ಮೆ ಕೇಳಲೂ ಇಲ್ಲ. ಕೇಳಿದ್ದರೆ ಬಹುಶಃ ಹೇಳುತ್ತಿದ್ದೆ. ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ, ನಂಬಿಕೆಯೇನೂ ಇಲ್ಲ.

ಯುಗಾದಿಯ ಬೆಳಿಗ್ಗೆ ಎಂಟೂ ಗಿಡ ಹಚ್ಚಹಸಿರು. ದೊಡ್ಡದೊಡ್ಡ ಎಲೆ. ಮೊಗ್ಗು ಹುಡುಕಿದರೂ ಇಲ್ಲ. ಬೇವುಬೆಲ್ಲ ಹಂಚಲು ಬಂದ ನಾದಿನಿ ಗಿಡಗಳನ್ನು ನೋಡಿ, ಮೆಲ್ಲಗೇ ಅಂದರು, "ನಾ ಅವತ್ತ ಹೇಳಿದ್ದೆ, ಅತ್ತಿಗಿ."

ದೊಡ್ಡವ್ವ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಹೌದವಾ, ಹೇಳಿದ್ದಿ" ಎಂದರು. ಇಡೀ ಓಣಿಗೆ ಸವಾಲು ಹಾಕಿದ್ದ ಹೆಂಗಸು ಎರಡೇ ಮಾತಿನಲ್ಲಿ ಸೋಲೊಪ್ಪಿಕೊಂಡರು. ನಾನು ಬೇವುಬೆಲ್ಲದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿಯಲ್ಲಿ ನಾಲಿಗೆ ಇತ್ತು, ಏನು ಉಪಯೋಗ!

ಅವತ್ತಿನಿಂದ ಅವರು ಗಿಡ ಮುಟ್ಟಲಿಲ್ಲ. ಹೂವಿನದಷ್ಟೇ ಅಲ್ಲ, ಯಾವುದನ್ನೂ. ಒಗ್ಗರಣೆ ಹೊತ್ತಿಗೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, "ನಾಲ್ಕು ಎಸಳು ಕರಿಬೇವು ಕಿತ್ತು ಕೊಡವಾ. ನನ್ನ ಕೈ ಬ್ಯಾಡ, ಗಿಡ ಒಣಗೀತು." ದಿನವೂ ಕಿತ್ತು ಕೊಟ್ಟೆ. ಸಸಿ ಹಚ್ಚಿಕೊಡಲು ಅವರನ್ನು ಕರೆಯುವವರೂ ನಿಂತರು. ಆ ಉಗುರು ಎಲ್ಲರ ಉಗುರಿನಂತೆ ಬೆಳ್ಳಗಾಯಿತು.

ಇನ್ನೂ ಕೆಟ್ಟದ್ದನ್ನು ಹೇಳಿಲ್ಲ. ಮುಂದಿನ ಶಿವರಾತ್ರಿಗೆ ಎಲೆ ಸವರುವ ಕೆಲಸವನ್ನು ನಾದಿನಿ ನನಗೇ ಒಪ್ಪಿಸಿದರು. ದೊಡ್ಡವ್ವ ಕಟ್ಟೆಯ ಮೇಲೆ ಕೂತು, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, ಹೀಂಗ ಮಾಡು, ಹಾಂಗ ಮಾಡು ಎಂದು ಹೇಳಿಕೊಟ್ಟರು. ಈ ಸಲ ಅವರು ಹೇಳಿದ ದಿನದವರೆಗೆ ನಾನು ನೀರು ಮುಟ್ಟಿಸಲಿಲ್ಲ. ಯುಗಾದಿಗೆ ಹೂವೋ ಹೂವು! "ಸಿರುಗುಪ್ಪದಾಕಿ ಕೈಗುಣ ನೋಡ್ರಿ" ಎಂದು ಓಣಿಯೆಲ್ಲ ಹೊಗಳಿತು. ಸಸಿ ಹಚ್ಚಲು ನನ್ನನ್ನೇ ಕರೆಯತೊಡಗಿದರು. ದೊಡ್ಡವ್ವನೂ, "ನನ್ನ ಗಿಡಕ್ಕ ನಿನ್ನ ಕೈ ಸಿಕ್ತು, ನನ್ನ ಪುಣ್ಯ" ಎಂದರು. ನಾನು ನಕ್ಕೆ. ಆ ನಗೆ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮುಂದಿನ ಯುಗಾದಿಗೆ ಹೇಳೋಣ, ಅದರ ಮುಂದಿನದಕ್ಕೆ ಹೇಳೋಣ ಎನ್ನುತ್ತ ಹತ್ತು ಯುಗಾದಿ ಕಳೆದೆ.

ಅಷ್ಟರಲ್ಲಿ ದೊಡ್ಡವ್ವ ಕುರುಗೋಡಿನ ತಮ್ಮನ ಮನೆ ಸೇರಿದ್ದರು. ಹೋದ ಬೇಸಿಗೆಯ ಮೊದಲಿಗೆ ಆರೋಗ್ಯ ಸರಿಯಿಲ್ಲವೆಂದು ಕೇಳಿ ಬಸ್ಸು ಹತ್ತಿದೆ. ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು, ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಎಷ್ಟು ಕೊಡ?" ಎಂದು ಕೇಳಿದರು.

"ಒಂದೊಂದಕ್ಕ ಎರಡು. ಎರಡು ದಿನ."

"ಮತ್ತ ಎಲ್ಲಿ ಹೂ ಬಿಟ್ಟೀತದು!" ಎಂದು ನಕ್ಕೇಬಿಟ್ಟರು. ನಗು ಅಲ್ಲಿಗೇ ನಿಂತಿತು. "ಅವತ್ತ ಹೇಳಿದ್ರ ನಿನಗ ನಾಲ್ಕು ಬೈತಿದ್ದೆ, ಮುಗೀತಿತ್ತು. ಇಷ್ಟು ವರ್ಷ ನನ್ನ ಕೈಗೆ ನಾನ ಬೈಕೊಂಡೆನಲ್ಲವಾ."

ಅವರ ಕಾಲು ಹಿಡಿದು ಅತ್ತೆ. "ಏಳು, ಸಾಕು" ಎಂದು ಎಬ್ಬಿಸಿದರು. ನನ್ನ ಭುಜ ಹಿಡಿದು ಅಂಗಳದ ಕರಿಬೇವಿನ ಗಿಡದವರೆಗೂ ನಡೆದರು. ಕೈ ಚಾಚಿದರು. ಗಿಡಕ್ಕೆ ಒಂದು ಗೇಣು ಇರುವಾಗ ಕೈ ನಿಂತಿತು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಹಿಂದಕ್ಕೆ ತೆಗೆದುಕೊಂಡರು. "ತಪ್ಪು ನಂದಲ್ಲಂತ ತಲಿಗೆ ಗೊತ್ತಾತವಾ. ಕೈಗೆ ಗೊತ್ತಾಗವಲ್ದು. ನೀನ ಕಿತ್ತು ಕೊಡು" ಎಂದರು. ಕಿತ್ತು ಕೊಟ್ಟೆ.

ಮಳೆಗಾಲ ಹಿಡಿಯುವ ಮೊದಲೇ ದೊಡ್ಡವ್ವ ಹೋದರು. ಮಣ್ಣಾದ ಮೂರನೇ ದಿನ ಅದೇ ಅಂಗಳದಲ್ಲಿ ನಮ್ಮ ಓಣಿಯ ಹೆಂಗಸರೂ ಅವರ ನಾದಿನಿಯೂ ಕೂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ: ನೀರು ಹಾಕಿದವಳು ನಾನು, ಸುಳ್ಳು ಹೇಳಿದವಳು ನಾನು, ದೊಡ್ಡವ್ವನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ನಾದಿನಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ಎಂಥ ದೊಡ್ಡ ಮನಸ್ಸವಾ ನಿಂದು! ಸತ್ತಾಕಿ ಮ್ಯಾಲಿನ ಮಾತು ಹೋಗಲಿ ಅಂತ ನಿನ್ನ ಮ್ಯಾಲ ಹಾಕ್ಕೊಂತಿ" ಎಂದರು. ಸುತ್ತ ಕೂತವರು ಹೌದು ಹೌದು ಎಂದು ತಲೆಯಾಡಿಸಿದರು. "ಖರೇನ ಹೇಳಾಕತ್ತೀನ್ರಿ, ನಾನ ಹಾಕಿದ್ದು" ಎಂದು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ನನ್ನನ್ನೇ ಹೊಗಳಿದರು.